ಮಾಣಿಕ್ಯವೂ ಅದೇ, ಸಾಣೆಕಲ್ಲೂ ಅದೇ

ನಮ್ಮ ಅಜ್ಜಿಯ ಬೆರಳಿನಲ್ಲಿ ಕೆಂಪು ಹರಳಿನ ಒಂದು ಉಂಗುರವಿತ್ತು. ಅದು ಮಾಣಿಕ್ಯವೆಂದು ಮನೆಮಂದಿಯೆಲ್ಲ ನಂಬಿದ್ದೆವು. ಅಜ್ಜಿ ತೀರಿಕೊಂಡ ಕೆಲವು ವರ್ಷಗಳ ಮೇಲೆ ಮನೆಯಲ್ಲಿ ಹಣದ ಅಡಚಣೆ ತಲೆದೋರಿದಾಗ, ನನ್ನ ತಂದೆಯವರು ಅದನ್ನು ಒಬ್ಬ ರತ್ನಪರೀಕ್ಷಕರಲ್ಲಿಗೆ ಒಯ್ದರು. ಅವರು ಭೂತಗನ್ನಡಿಯಲ್ಲಿ ನೋಡಿ, ‘ಹರಳಿನೊಳಗೆ ಬಾಗಿದ ಗೆರೆಗಳಿವೆ. ಇದು ನೆಲದಲ್ಲಿ ಹುಟ್ಟಿದ್ದಲ್ಲ, ಕುಲುಮೆಯಲ್ಲಿ ಹುಟ್ಟಿದ್ದು’ ಎಂದರಂತೆ. ಬಂಗಾರದ ಬೆಲೆಯನ್ನಷ್ಟೇ ಕೊಟ್ಟು ಹರಳನ್ನು ಹಿಂದಿರುಗಿಸಿದರು. ತಂದೆಯವರು ಬಾಡಿದ ಮುಖದಿಂದ ಮನೆಗೆ ಬಂದರು. ‘ಹಾಗಾದರೆ ಇದು ಗಾಜೇ?’ ಎಂದು ನಾನು ಕೇಳಿದೆ. ಅವರು ಉತ್ತರ ಕೊಡಲಿಲ್ಲ.

ಉತ್ತರ ನನಗೆ ದೊರೆತದ್ದು ಮುಂದೆ ರಸಾಯನಶಾಸ್ತ್ರವನ್ನು ಓದಿದಾಗ. ಅದು ಗಾಜಲ್ಲ. ನೆಲದ ಮಾಣಿಕ್ಯ ಯಾವ ವಸ್ತುವೋ ಇದೂ ಅದೇ ವಸ್ತು: ಅಲ್ಯೂಮಿನಿಯಂ ಆಕ್ಸೈಡ್. ಕಾರ್ಖಾನೆಯವರ ಮಾತಿನಲ್ಲಿ ಅದಕ್ಕೆ ಅಲ್ಯೂಮಿನ ಎಂದು ಹೆಸರು. ಎರಡು ಅಲ್ಯೂಮಿನಿಯಂ ಪರಮಾಣುಗಳಿಗೆ ಮೂರು ಆಮ್ಲಜನಕದ ಪರಮಾಣುಗಳು, ಇಷ್ಟೇ ಅದರ ಲೆಕ್ಕ. ಶುದ್ಧವಾಗಿದ್ದರೆ ಅದರ ಹರಳಿಗೆ ಬಣ್ಣವೇ ಇಲ್ಲ. ಅಲ್ಯೂಮಿನಿಯಂ ಕುಳಿತಿರಬೇಕಾದ ಕೆಲವು ಎಡೆಗಳಲ್ಲಿ, ನೂರಕ್ಕೆ ಒಂದರಷ್ಟು ಕ್ರೋಮಿಯಂ ಬಂದು ಕುಳಿತರೆ ಹರಳು ಕೆಂಪಾಗಿ ಮಾಣಿಕ್ಯವೆನಿಸಿಕೊಳ್ಳುತ್ತದೆ. ಕಬ್ಬಿಣ ಮತ್ತು ಟೈಟಾನಿಯಂ ಸೇರಿದರೆ ಅದೇ ನೀಲ. ನಮ್ಮ ಅಂಗಡಿಗಳಲ್ಲಿ ಪುಷ್ಯರಾಗವೆಂದು ಮಾರುವ ಹಳದಿಯ ಹರಳೂ ಸಾಮಾನ್ಯವಾಗಿ ಇದೇ. ನವರತ್ನಗಳಲ್ಲಿ ಮೂರು ಒಂದೇ ತಾಯಿಯ ಮಕ್ಕಳೆಂದಾಯಿತು.

ಈ ಪರಮಾಣುಗಳ ನಡುವಿನ ಕಟ್ಟು ಬಹಳ ಬಿಗಿಯಾದದ್ದು. ಈ ವಸ್ತುವಿನ ಗುಣಗಳೆಲ್ಲ ಆ ಒಂದು ಸಂಗತಿಯಿಂದಲೇ ಹೊರಡುತ್ತವೆ. ಗಟ್ಟಿತನವನ್ನು ಅಳೆಯುವ ಮೋಸ್ ಎಂಬವನ ಶ್ರೇಣಿಯಲ್ಲಿ ವಜ್ರಕ್ಕೆ 10 ಅಂಕವಾದರೆ ಇದಕ್ಕೆ 9. ಇದು ಕರಗಬೇಕಾದರೆ ಸುಮಾರು 2050 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಕಬ್ಬಿಣ 1538 ಡಿಗ್ರಿಗೇ ಕರಗಿಬಿಡುತ್ತದೆ. ನೀರಿಗೆ ಇದು ಜಗ್ಗುವುದಿಲ್ಲ, ವಿದ್ಯುತ್ತನ್ನು ಹರಿಯಗೊಡುವುದಿಲ್ಲ.

ಇಂತಹ ವಸ್ತುವನ್ನು ಕುಲುಮೆಯಲ್ಲಿ ಬೆಳೆಸುವ ಉಪಾಯವನ್ನು 1902ರಲ್ಲಿ ಪ್ರಕಟಿಸಿದವನು ಫ್ರಾನ್ಸಿನ ಆಗಸ್ಟ್ ವೆರ್ನುಯಿ. ಆಮ್ಲಜನಕ ಮತ್ತು ಜಲಜನಕ ಕೂಡಿ ಉರಿಯುವ ಜ್ವಾಲೆಯಲ್ಲಿ ಅಲ್ಯೂಮಿನದ ನುಣ್ಣನೆಯ ಪುಡಿಯನ್ನು ಮೇಲಿನಿಂದ ಉದುರಿಸುತ್ತ ಹೋದರೆ, ಕರಗಿದ ಹನಿಗಳು ಕೆಳಗಿನ ಕಡ್ಡಿಯ ಮೇಲೆ ಪದರ ಪದರವಾಗಿ ಕೂಡಿಕೊಂಡು ಹರಳಾಗುತ್ತವೆ. ರತ್ನಪರೀಕ್ಷಕರು ಕಂಡ ಬಾಗಿದ ಗೆರೆಗಳು ಆ ಪದರಗಳ ಗುರುತು. ಗಡಿಯಾರಗಳ ಚಕ್ರದ ಅಚ್ಚುಗಳು ತಿರುಗುವ ಕಲ್ಲುಗಳು ಈ ಹರಳಿನವೇ. 1960ರ ಮೇ 16ರಂದು ಅಮೆರಿಕದ ಥಿಯೋಡರ್ ಮೈಮನ್ ಜಗತ್ತಿನ ಮೊದಲ ಲೇಸರ್ ಕಿರಣವನ್ನು ಹೊಮ್ಮಿಸಿದ್ದೂ ಕುಲುಮೆಯಲ್ಲಿ ಹುಟ್ಟಿದ ಒಂದು ಮಾಣಿಕ್ಯದ ಕಂಬಿಯಿಂದ. ಬೆಲೆಯಿಲ್ಲವೆಂದು ಹಿಂದಿರುಗಿದ ಹರಳಿನ ಬಂಧುಗಳು ಇಂತಹವು.

ಇನ್ನು ಬೀದಿಗೆ ಬರೋಣ. ಚಿಕ್ಕಂದಿನಲ್ಲಿ ನಮ್ಮ ಬೀದಿಗೆ ಸಾಣೆ ಹಿಡಿಯುವವನು ಬರುತ್ತಿದ್ದ. ಅವನು ಕಾಲಿನಿಂದ ಚಕ್ರವನ್ನು ತುಳಿದು ಈಳಿಗೆಯ ಅಲಗನ್ನು ಒತ್ತಿದನೆಂದರೆ ಕಿಡಿಗಳ ಮಳೆ. ನಮ್ಮ ನಾಡಿನ ಹಳೆಯ ಸಾಣೆಚಕ್ರಗಳನ್ನು ಕುರುಂದದ ಕಲ್ಲನ್ನು ಪುಡಿಮಾಡಿ ಅರಗಿನೊಡನೆ ಬೆರೆಸಿ ಮಾಡುತ್ತಿದ್ದರು. ಈ ಕುರುಂದವೆಂದರೆ ಹೊಳಪಿಲ್ಲದ, ಮಾಸಿದ ಅಲ್ಯೂಮಿನಿಯಂ ಆಕ್ಸೈಡೇ. ಹಳೆಯ ಮೈಸೂರು ಸೀಮೆಯ ಹಲವೆಡೆ ಅದು ದೊರೆಯುತ್ತದೆ. ಸಂಸ್ಕೃತದ ‘ಕುರುವಿಂದ’ಕ್ಕೆ ಮಾಣಿಕ್ಯವೆಂಬ ಅರ್ಥವಿದೆ, ಇಂಗ್ಲಿಷಿನ ‘ಕೊರಂಡಮ್’ ಹುಟ್ಟಿದ್ದು ನಮ್ಮ ದಕ್ಷಿಣದ ‘ಕುರುಂದ’ದಿಂದ. ರತ್ನಕ್ಕೂ ಸಾಣೆಗೂ ಇರುವ ನಂಟನ್ನು ರಸಾಯನಶಾಸ್ತ್ರಕ್ಕಿಂತ ಮೊದಲು ಭಾಷೆ ಕಂಡುಕೊಂಡಿತ್ತೆಂದು ನನಗೆ ತೋರುತ್ತದೆ. ಇಂದಿನ ಉಜ್ಜುವ ಕಾಗದಗಳಲ್ಲಿಯೂ ಯಂತ್ರಗಳ ಅರೆಯುವ ಚಕ್ರಗಳಲ್ಲಿಯೂ ಬಹುಪಾಲು ಇದೇ ಪುಡಿ ಇರುತ್ತದೆ.

ಅಡಿಗೆಮನೆಯಲ್ಲಿಯೂ ಅದು ಉಂಟು. ಅಲ್ಯೂಮಿನಿಯಂ ಪಾತ್ರೆ ಕಬ್ಬಿಣದಂತೆ ತುಕ್ಕು ಹಿಡಿದು ಕರಗಿಹೋಗುವುದಿಲ್ಲವೇಕೆ? ಆ ಲೋಹ ಗಾಳಿಗೆ ಒಡ್ಡಿಕೊಂಡ ಕ್ಷಣವೇ ಆಮ್ಲಜನಕದೊಡನೆ ಕೂಡಿ, ಮೈಮೇಲೆ ಆಕ್ಸೈಡಿನ ತೆಳುವಾದ ಪೊರೆಯೊಂದನ್ನು ತಾಳುತ್ತದೆ. ಅದರ ದಪ್ಪ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಕೆಲವೇ ಪಾಲು. ಕಬ್ಬಿಣದ ತುಕ್ಕು ಹುಡಿಯಾಗಿ ಉದುರುತ್ತದೆ. ಈ ಪೊರೆ ಬಿಗಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಗೀರಿದರೆ ಒಡನೆಯೇ ಹೊಸದು ಹುಟ್ಟುತ್ತದೆ. ಆದರೆ ಹುಣಿಸೆಹುಳಿಗೂ ಉಪ್ಪಿಗೂ ಅದು ಸೋಲುವುದುಂಟು. ಹುಳಿಯ ಪದಾರ್ಥಗಳನ್ನು ಆ ಪಾತ್ರೆಯಲ್ಲಿ ಬಹಳ ಹೊತ್ತು ಇಡಬಾರದೆನ್ನುವುದು ಇದರಿಂದಲೇ.

ಕೈಗಾರಿಕೆಯಲ್ಲಿ ಇದರ ಉಪಯೋಗಗಳು ಹಲವಾರು. ಮೋಟಾರು ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗಿನ ಬಿಳಿಯ ಪಿಂಗಾಣಿ ಇದರದೇ. ಬೆಂಕಿಯನ್ನು ತಾಳಿಕೊಂಡು ವಿದ್ಯುತ್ತನ್ನು ತಡೆಯುವ ಎರಡು ಗುಣಗಳು ಅಲ್ಲಿ ಒಟ್ಟಿಗೆ ಬೇಕು. ಉಕ್ಕಿನ ಮತ್ತು ಗಾಜಿನ ಕುಲುಮೆಗಳ ಒಳಗೋಡೆಗೆ ಇದರಿಂದ ಮಾಡಿದ ಇಟ್ಟಿಗೆ ಬೇಕು. 1970ರಲ್ಲಿ ಫ್ರಾನ್ಸಿನ ವೈದ್ಯ ಪಿಯರ್ ಬುತೇನ್ ಸವೆದ ಸೊಂಟದ ಕೀಲಿಗೆ ಇದೇ ಪಿಂಗಾಣಿಯ ಗುಂಡನ್ನು ಕೂಡಿಸಿದ. ನುಣುಪಾಗಿ ಜಾರುವ, ಬೇಗ ಸವೆಯದ ಈ ವಸ್ತುವನ್ನು ಶರೀರವೂ ಸಹಿಸಿಕೊಂಡಿತು.

ಆದರೆ ಇದರ ಬಹುದೊಡ್ಡ ಉಪಯೋಗ ಇದನ್ನು ಒಡೆದು ಲೋಹವನ್ನು ಪಡೆಯುವುದು. ಕಟ್ಟಿನ ಬಿಗಿ ಅಲ್ಲಿ ನಮಗೆ ಎದುರಾಗಿ ನಿಲ್ಲುತ್ತದೆ. ಭೂಮಿಯ ತೊಗಟೆಯಲ್ಲಿ ನೂರಕ್ಕೆ ಸುಮಾರು 8 ಪಾಲು ಅಲ್ಯೂಮಿನಿಯಂ ಇದ್ದರೂ, 1884ರಲ್ಲಿ ವಾಷಿಂಗ್ಟನ್ ಸ್ಮಾರಕದ ನೆತ್ತಿಗೆ ಅದರ ಮುಕುಟವನ್ನು ಇಟ್ಟಾಗ ಅದು ಬೆಳ್ಳಿಯಷ್ಟು ದುಬಾರಿ. 1886ರಲ್ಲಿ ಅಮೆರಿಕದ ಚಾರ್ಲ್ಸ್ ಹಾಲ್, ಫ್ರಾನ್ಸಿನ ಪಾಲ್ ಎರೂ, ಒಬ್ಬರನ್ನೊಬ್ಬರು ಅರಿಯದೆ, ಒಂದೇ ಮಾರ್ಗವನ್ನು ಕಂಡುಕೊಂಡರು: ಕರಗಿದ ಕ್ರಯೊಲೈಟ್ ಎಂಬ ಖನಿಜದಲ್ಲಿ ಅಲ್ಯೂಮಿನವನ್ನು ಲೀನಗೊಳಿಸಿ, ವಿದ್ಯುತ್ತನ್ನು ಹರಿಸಿ ಒಡೆಯುವುದು. ಮರುವರ್ಷಗಳಲ್ಲಿ ಕಾರ್ಲ್ ಬೇಯರ್ ಬಾಕ್ಸೈಟ್ ಎಂಬ ಕೆಂಪು ಅದಿರಿನಿಂದ ಅಲ್ಯೂಮಿನವನ್ನು ಕಾಸ್ಟಿಕ್ ಸೋಡಾದಿಂದ ಬೇರ್ಪಡಿಸುವ ಕ್ರಮವನ್ನು ರೂಪಿಸಿದ. ನಮ್ಮ ಬೆಳಗಾವಿಯ ಕಾರ್ಖಾನೆಯಲ್ಲಿ ಅದಿರಿನಿಂದ ಅಲ್ಯೂಮಿನವನ್ನು ತೆಗೆಯುವುದೂ ಹೀಗೆಯೇ.

ಲೆಕ್ಕ ಹೀಗಿದೆ. ಸುಮಾರು 4 ಟನ್ ಅದಿರಿನಿಂದ 2 ಟನ್ ಅಲ್ಯೂಮಿನ. ಅದರಿಂದ 1 ಟನ್ ಲೋಹ. ಆ ಒಂದು ಟನ್ನಿಗೆ 13 ಸಾವಿರ ಯೂನಿಟ್ಟಿಗೂ ಮಿಗಿಲಾದ ವಿದ್ಯುತ್ತು ಬೇಕು. ಅಲ್ಯೂಮಿನವನ್ನು ತೆಗೆದ ಮೇಲೆ ಉಳಿಯುವುದು ಕ್ಷಾರಭರಿತವಾದ ಕೆಂಪು ಕೆಸರು, ಒಂದು ಟನ್ ಅಲ್ಯೂಮಿನಕ್ಕೆ ಸರಿಸುಮಾರು ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು. 2010ರ ಅಕ್ಟೋಬರ್ 4ರಂದು ಹಂಗೆರಿಯ ಆಯ್ಕಾ ಪಟ್ಟಣದ ಬಳಿ ಇಂತಹ ಕೆಸರಿನ ಕಟ್ಟೆಯೊಂದು ಒಡೆದು, ಕೊಲೊಂತಾರ್ ಮತ್ತು ದೆವೆಚೆರ್ ಎಂಬ ಊರುಗಳ ಮನೆಗಳಿಗೆ ನುಗ್ಗಿತು. 10 ಜನ ಸತ್ತರು. ಅನೇಕ ಮಂದಿಯ ಮೈಯನ್ನು ಕ್ಷಾರ ಸುಟ್ಟಿತು. ನಮ್ಮ ಪಾತ್ರೆಯ ಬೆಲೆಯಲ್ಲಿ ಈ ಕೆಸರಿನ ಲೆಕ್ಕವನ್ನು ಯಾರೂ ಬರೆದಿರುವುದಿಲ್ಲ.

ಆದುದರಿಂದ ಒಂದು ಮಾತನ್ನು ಹೇಳಿ ಮುಗಿಸುತ್ತೇನೆ. ಒಮ್ಮೆ ಬಿಡಿಸಿದ ಕಟ್ಟನ್ನು ಮತ್ತೆ ಬಿಡಿಸಬೇಕಾಗಿಲ್ಲ. ಹಳೆಯ ಪಾತ್ರೆಯನ್ನು ಕರಗಿಸಿ ಹೊಸದನ್ನು ಎರೆಯಲು, ಅದಿರಿನಿಂದ ಹೊಸ ಲೋಹವನ್ನು ತೆಗೆಯಲು ಬೇಕಾಗುವ ಶಕ್ತಿಯಲ್ಲಿ ನೂರಕ್ಕೆ ಸುಮಾರು 5 ಪಾಲು ಸಾಕು. ಹೊಸ ಕೆಂಪು ಕೆಸರೂ ಹುಟ್ಟುವುದಿಲ್ಲ. ತಗ್ಗುಬಿದ್ದ ಪಾತ್ರೆಯನ್ನು ಗುಜರಿಯವನ ತಕ್ಕಡಿಗೆ ಹಾಕುವ ಗೃಹಿಣಿ, ತಾನರಿಯದೆಯೇ, ದೊಡ್ಡದೊಂದು ಉಳಿತಾಯ ಮಾಡುತ್ತಿದ್ದಾಳೆ.

ಅಜ್ಜಿಯ ಹರಳು ಈಗ ನನ್ನ ಬಳಿಯಲ್ಲಿದೆ. ಅದರಲ್ಲಿ ಸುಳ್ಳೇನೂ ಇಲ್ಲವೆಂದು ತಂದೆಯವರಿಗೆ ಹೇಳುವಷ್ಟು ವಿದ್ಯೆ ನನಗೆ ಬರುವ ಹೊತ್ತಿಗೆ ಅವರು ಉಳಿದಿರಲಿಲ್ಲ.