ಸ್ವಂತ ಮುದ್ರೆಯ ಹೊಣೆ

ಮಂಗಳೂರಿನಲ್ಲಿ ನಮಗೆ ಪರಿಚಯವಿರುವ ಮನೆಯೊಂದರ ಪಡಸಾಲೆಯಲ್ಲಿ ಮೂರು ಪದವಿ ಪತ್ರಗಳು ಸಾಲಾಗಿ ತೂಗುತ್ತಿವೆ. ಅಜ್ಜನದು ಮದರಾಸು ವಿಶ್ವವಿದ್ಯಾನಿಲಯದ್ದು, ತಂದೆಯದು ಮೈಸೂರಿನದು, ಮಗಳದು ಮಂಗಳೂರಿನದು. ಮೂವರೂ ಓದಿದ್ದು ಮಾತ್ರ ಒಂದೇ ಗುಡ್ಡದ ಮೇಲಿನ ಒಂದೇ ಕಾಲೇಜಿನಲ್ಲಿ. ಬಹುಶಃ ಒಂದೇ ಬೆಂಚಿನ ಮೇಲೆ ಎಂದು ಆ ಮನೆಯವರು ನಗೆಯಾಡುವುದುಂಟು. ಸಂತ ಅಲೋಶಿಯಸ್ ಕಾಲೇಜಿನ ಚರಿತ್ರೆಯನ್ನು ಇದಕ್ಕಿಂತ ಸಂಕ್ಷೇಪವಾಗಿ ಹೇಳುವುದು ನಮ್ಮಿಂದಾಗದು. ಪಾಠ ತನ್ನದು, ಮುದ್ರೆ ಪರರದು ಎಂಬುದೇ ಅದರ ಬಹುಕಾಲದ ಸ್ಥಿತಿಯಾಗಿತ್ತು. 2007ರಲ್ಲಿ ಸ್ವಾಯತ್ತತೆ ಲಭಿಸಿದಾಗಲೂ ಪದವಿ ನೀಡುವ ಅಧಿಕಾರ ಮಂಗಳೂರು ವಿಶ್ವವಿದ್ಯಾನಿಲಯದಲ್ಲೇ ಉಳಿದಿತ್ತು. 2024ರ ಜನವರಿಯಲ್ಲಿ ಕೇಂದ್ರ ಸರಕಾರವು ಕಾಲೇಜನ್ನು ಪರಿಗಣಿತ ವಿಶ್ವವಿದ್ಯಾನಿಲಯವೆಂದು ಘೋಷಿಸಿದ ಮೇಲೆ ಆ ಮುದ್ರೆ ಕೊನೆಗೂ ಗುಡ್ಡದ ಮೇಲೆಯೇ ಬಂದು ಸೇರಿತು. ಅದೇ ಮನೆಯ ನಾಲ್ಕನೆಯ ತಲೆಮಾರಿನ ಹುಡುಗಿ ಈಗ ಆ ಗುಡ್ಡವನ್ನೇರಲು ಅಣಿಯಾಗಿದ್ದಾಳೆ.

ಯೇಸುಸಭೆಯ ಗುರುಗಳು ಮಂಗಳೂರಿಗೆ ಬಂದಿಳಿದದ್ದು 1878ರ ಡಿಸೆಂಬರ್ 31ರಂದು. ವರ್ಷವೊಂದು ಕಳೆಯುವಷ್ಟರಲ್ಲಿ, 1880ರ ಜನವರಿ 12ರಂದು, ಕೊಡಿಯಾಲಬೈಲಿನ ಮನೆಯೊಂದರಲ್ಲಿ ತರಗತಿಗಳು ಆರಂಭವಾದವು. ಗುಡ್ಡದ ಮೇಲಿನ ಕಟ್ಟಡಗಳು ಎದ್ದದ್ದು ಆ ಬಳಿಕ. ಇಂದಿಗೂ ಬೆಳಗಿನ ಹೊತ್ತು ಲೈಟ್‌ಹೌಸ್ ಗುಡ್ಡದ ಏರುದಾರಿಯಲ್ಲಿ ನಿಂತು ನೋಡಬೇಕು. ಪ್ರೌಢಶಾಲೆಯ ಮಕ್ಕಳು, ಪದವಿಪೂರ್ವ ತರಗತಿಯವರು, ಸ್ನಾತಕೋತ್ತರ ವಿದ್ಯಾರ್ಥಿಗಳು, ಎಲ್ಲರೂ ಒಂದೇ ಪ್ರವಾಹವಾಗಿ ಮೇಲೇರುತ್ತಾರೆ. ಮಳೆಗಾಲದಲ್ಲಾದರೆ ಕೊಡೆಗಳ ಹೊರತು ಬೇರೇನೂ ಕಾಣದು. ಕಿವಿಗೆ ಬೀಳುವ ಮಾತು ನಾಲ್ಕು ಹೆಜ್ಜೆ ತುಳು, ನಾಲ್ಕು ಹೆಜ್ಜೆ ಕೊಂಕಣಿ, ನಡುನಡುವೆ ಬ್ಯಾರಿ, ಮಲಯಾಳ. ಗೇಟು ಸಮೀಪಿಸಿದಂತೆ ಇಂಗ್ಲಿಷು. ಈ ಕೊನೆಯ ಬದಲಾವಣೆಯನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕೆಂದು ವಿನಂತಿ.

ದೂರದೂರಿನಿಂದ ಬರುವವರು ನೇರವಾಗಿ ನಡೆಯುವುದು ಪ್ರಾರ್ಥನಾಲಯಕ್ಕೆ. ಇಟಲಿಯ ಬೆರ್ಗಮೋ ಬಳಿಯ ಸ್ಟೆಜ್ಜಾನೋ ಎಂಬಲ್ಲಿ 1854ರಲ್ಲಿ ಜನಿಸಿದ ಸಹೋದರ ಅಂತೋನಿಯೋ ಮೊಸ್ಕೇನಿಯವರು ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಅದರ ಗೋಡೆ, ಛಾವಣಿಗಳನ್ನು ಚಿತ್ರಗಳಿಂದ ತುಂಬಿದರು. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಕರಾವಳಿಯ ಉಪ್ಪುಗಾಳಿ ಮತ್ತು ತೇವಾಂಶ ಚಿತ್ರಗಳನ್ನು ಬಾಧಿಸಿದಾಗ 1990ರ ದಶಕದ ಆರಂಭದಲ್ಲಿ ತಜ್ಞರು ಅವನ್ನು ಶುದ್ಧೀಕರಿಸಿ ಉಳಿಸಿಕೊಟ್ಟರು. ಕಾಲೇಜಿನ ಪಾಲಕ ಸಂತ ಅಲೋಶಿಯಸ್ ಗೊನ್ಜಾಗ ರೋಮಿನಲ್ಲಿ ಪಿಡುಗಿನ ರೋಗಿಗಳ ಶುಶ್ರೂಷೆ ಮಾಡುತ್ತ ತಾನೂ ಸೋಂಕಿಗೊಳಗಾಗಿ 1591ರಲ್ಲಿ ಮಡಿದಾಗ ಅವನಿಗಿನ್ನೂ ಇಪ್ಪತ್ತಮೂರು ವರ್ಷ. ಇಂದಿನ ಸ್ನಾತಕೋತ್ತರ ವಿದ್ಯಾರ್ಥಿಯ ವಯಸ್ಸು ಅದು!

ಗುಡ್ಡದ ಹಿರಿಮೆಯನ್ನು ಸಾರಬೇಕಾದಾಗ ಹಳೆವಿದ್ಯಾರ್ಥಿಗಳ ಹೆಸರುಗಳನ್ನು ಓದುವುದು ಸಭೆ-ಸಮಾರಂಭಗಳ ರೂಢಿ. ನಾವೂ ಅದನ್ನು ಬಿಡುವುದಿಲ್ಲ. 1977ರಲ್ಲಿ ಲೋಕಸಭೆಯ ಅಧ್ಯಕ್ಷರಾದ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ, ಕೇಂದ್ರ ಸಚಿವರಾಗಿದ್ದ ಜಾರ್ಜ್ ಫೆರ್ನಾಂಡಿಸ್, 2015ರಲ್ಲಿ ಬ್ರಿಕ್ಸ್ ರಾಷ್ಟ್ರಗಳ ಹೊಸ ಅಭಿವೃದ್ಧಿ ಬ್ಯಾಂಕಿನ ಪ್ರಥಮ ಅಧ್ಯಕ್ಷರಾದ ಕೆ.ವಿ. ಕಾಮತ್, 2008ರಲ್ಲಿ ಬುಕರ್ ಪ್ರಶಸ್ತಿ ಪಡೆದ ಕಾದಂಬರಿಕಾರ ಅರವಿಂದ ಅಡಿಗ ಇವರೆಲ್ಲ ಇಲ್ಲಿಯ ತರಗತಿಗಳಲ್ಲಿ ಕುಳಿತವರು. ಆದರೆ ಇವರು ಬೆಳೆದು ಬೆಳಗಿದ್ದು ಬೇರೆಡೆ. ಗುಡ್ಡದ ಮೇಲೆಯೇ ಉಳಿದು, ಇಲ್ಲಿಯೇ ಸವೆದು ಸಾಧಿಸಿದವರ ಮಾತು ನಮಗೆ ಹೆಚ್ಚು ಮುಖ್ಯವೆನಿಸುತ್ತದೆ.

ಆ ಕಾಲದ ಕಾಲೇಜುಗಳಲ್ಲಿ ಕನ್ನಡ ಕಲಿಸುವವರಿಗೆ ಪ್ರೊಫೆಸರ್ ಎಂಬ ಹೆಸರಿರಲಿಲ್ಲ. ಅವರು ಪಂಡಿತರು. ಸಂಬಳ, ಸ್ಥಾನಮಾನ ಎರಡರಲ್ಲೂ ಇಂಗ್ಲಿಷಿನವರಿಗಿಂತ ಕೆಳಗಿನ ಮೆಟ್ಟಿಲು. ಅಂಥ ಪಂಡಿತರಾಗಿ ಅಲೋಶಿಯಸ್‌ನಲ್ಲಿ ದುಡಿದವರು ಮುಳಿಯ ತಿಮ್ಮಪ್ಪಯ್ಯನವರು. ಅವರ ‘ನಾಡೋಜ ಪಂಪ’ 1938ರಲ್ಲಿ ಹೊರಬಂದಾಗ ಕನ್ನಡ ವಿದ್ವತ್ತು ಅದನ್ನು ಎದ್ದು ನಿಂತು ಸ್ವೀಕರಿಸಿತು. ಆದಿಕವಿಯನ್ನು ಕುರಿತು ಇಂದು ಬರೆಯುವವರೂ ಆ ಗ್ರಂಥವನ್ನು ದಾಟಿಯೇ ಮುಂದೆ ಹೋಗಬೇಕು. ಅದೇ ಗುಡ್ಡದಲ್ಲಿ ಪಾಠ ಹೇಳಿದ ಇನ್ನೊಬ್ಬರು ಸೇಡಿಯಾಪು ಕೃಷ್ಣಭಟ್ಟರು (1902–1996). ಕನ್ನಡದ ಶಬ್ದಗಳ ಬೇರು, ವರ್ಣಗಳ ಸ್ವರೂಪ, ಛಂದಸ್ಸಿನ ಗತಿ ಇವೇ ಅವರ ಬದುಕಿನ ಚಿಂತೆ. ‘ಛಂದೋಗತಿ’ ಅದರ ಪಕ್ವ ಫಲ. ಸಂಜೆ ಗಂಟೆ ಬಾರಿಸಿದ ಬಳಿಕ ಮನೆಯಲ್ಲಿ ದೀಪ ಹಚ್ಚಿ ಕುಳಿತು ಮಾಡಿದ ಕೆಲಸವಿದು. ಇದಕ್ಕಾಗಿ ಯಾವ ಯೋಜನೆಯ ಅನುದಾನವಾಗಲಿ, ಅಂಕಗಳ ಲೆಕ್ಕವಾಗಲಿ ಇರಲಿಲ್ಲ. ಕಥೋಲಿಕ ಗುರುಗಳ ಕಾಲೇಜೊಂದು ಹವ್ಯಕ ಪಂಡಿತರಿಗೆ ಆಶ್ರಯವಿತ್ತು ಜೈನ ಕವಿ ಪಂಪನ ಅಧ್ಯಯನಕ್ಕೆ ನೆಲೆಯಾಯಿತೆಂಬುದನ್ನು ನಮ್ಮ ಸಮುದಾಯದ ಎಳೆಯರು ಎಷ್ಟು ಮಂದಿ ಬಲ್ಲರೋ ತಿಳಿಯದು.

ಕೊಂಕಣಿಯ ಕಥೆ ಇನ್ನೂ ಹಿಂದಿನದು. ಆ ಮೊದಲ ವರ್ಷಗಳಲ್ಲಿಯೇ ಯೇಸುಸಭೆಯ ವಂದನೀಯ ಆಂಜೆಲೊ ಫ್ರಾನ್ಸಿಸ್ ಝೇವಿಯರ್ ಮಾಫೆಯ್ ಮಂಗಳೂರಿನ ಮನೆಮಾತನ್ನು ಕಲಿತು 1882ರಲ್ಲಿ ಕೊಂಕಣಿ ವ್ಯಾಕರಣವನ್ನೂ ಮರುವರ್ಷ ನಿಘಂಟನ್ನೂ ಪ್ರಕಟಿಸಿದರು. ಅಚ್ಚಾದದ್ದು ಪ್ರೊಟೆಸ್ಟೆಂಟರ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ಅಂದಿನ ಎರಡೂ ಪಂಗಡಗಳ ನಡುವಣ ಬಿಗುವನ್ನು ಬಲ್ಲವರು ಮುಗುಳ್ನಗದೆ ಇರಲಾರರು. ತಮ್ಮ ಮಾತಿಗೂ ವ್ಯಾಕರಣವುಂಟೆಂದು ಇಲ್ಲಿಯ ಕೊಂಕಣಿಗರಿಗೆ ತೋರಿಸಿಕೊಟ್ಟವರು ಹೊರನಾಡಿನವರು! ಕಾಲೇಜಿನ ಕೊಂಕಣಿ ಸಂಸ್ಥೆ ಮತ್ತು ಅದರ ‘ಅಮರ್ ಕೊಂಕಣಿ’ ಪತ್ರಿಕೆ ಆ ಎಳೆಯನ್ನು ಮುಂದುವರಿಸಿದವು. ವಿದ್ಯಾರ್ಥಿಗಳ ನೆರವಿನಿಂದ ನಡೆಯುವ ಸಮುದಾಯ ಬಾನುಲಿ ‘ರೇಡಿಯೋ ಸಾರಂಗ್’ ಇಂದು ಊರಿನ ಭಾಷೆಗಳಲ್ಲಿ ಊರಿನವರೊಡನೆ ಮಾತನಾಡುತ್ತಿದೆ.

ವಿಜ್ಞಾನದವರು ಮುನಿಸಿಕೊಳ್ಳಬಾರದು, ಅಲ್ಲಿಯೂ ಇದೇ ಗುಣವನ್ನು ಕಾಣಬಹುದು. ವಂದನೀಯ ಲಿಯೋ ಡಿಸೋಜ ಅವರು ಜರ್ಮನಿಯಲ್ಲಿ ಸಸ್ಯವಿಜ್ಞಾನದ ತರಬೇತಿ ಪಡೆದು ಹಿಂತಿರುಗಿ ಕಾಲೇಜಿನ ಅನ್ವಯಿಕ ಜೀವಶಾಸ್ತ್ರ ಪ್ರಯೋಗಾಲಯದಲ್ಲಿ ಕೈಗೆತ್ತಿಕೊಂಡದ್ದು ನಮ್ಮ ಗುಡ್ಡಗಾಡಿನ ಗೇರುಗಿಡವನ್ನು. ಬೀಜದಿಂದ ಬೆಳೆದ ಗೇರು ತಾಯಿಮರದ ಗುಣವನ್ನು ತಪ್ಪದೆ ತರುವುದೆಂಬ ಭರವಸೆಯಿಲ್ಲ. ಉತ್ತಮ ಮರದ ಅಂಗಾಂಶದಿಂದಲೇ ಸಸಿ ಎಬ್ಬಿಸಹೊರಟರೆ ಕತ್ತರಿಸಿದ ತುಂಡು ತನ್ನದೇ ರಸದಿಂದ ಕಪ್ಪಾಗಿ ಸಾಯುತ್ತದೆ. ಈ ಹಟಮಾರಿ ಗಿಡದ ಮೇಲಿನ ಕೆಲಸ 1992ರಲ್ಲಿ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಗೇರುಬೀಜದ ಕಾರ್ಖಾನೆಗಳಲ್ಲಿ ದುಡಿದು ಮಕ್ಕಳನ್ನು ಕಾಲೇಜಿಗೆ ಕಳುಹಿಸಿದ ತಾಯಂದಿರ ಊರು ಇದು. ಸಂಶೋಧನೆಯ ವಿಷಯವನ್ನು ಆರಿಸುವಲ್ಲಿಯೂ ಔಚಿತ್ಯವೆಂಬುದುಂಟು.

ಈಗ ಮುದ್ರೆಯ ವಿಚಾರ. ಪಠ್ಯಕ್ರಮ ಮದರಾಸಿನಿಂದಲೋ ಮೈಸೂರಿನಿಂದಲೋ ಕೊಣಾಜೆಯಿಂದಲೋ ಬರುತ್ತಿದ್ದಾಗ ಕೊರತೆಗಳಿಗೆ ಹೊಣೆ ಹೊರಿಸಲು ಒಂದು ವಿಳಾಸವಿರುತ್ತಿತ್ತು. ಅದೇ ದೂರದ ಅಧಿಕಾರವು ಕನ್ನಡದಂಥ ವಿಷಯಗಳಿಗೆ ಒಂದು ಬೇಲಿಯೂ ಆಗಿತ್ತು. ಭಾಷಾಪಾಠಕ್ಕೆ ಇಷ್ಟು ಗಂಟೆ ಎಂದು ನಿಯಮ ಹೇಳಿದರೆ ಕೊಡಲೇಬೇಕು. ಇನ್ನು ಮುಂದೆ ಏನನ್ನು ಕಲಿಸಬೇಕು, ಎಷ್ಟು ಶುಲ್ಕಕ್ಕೆ ಕಲಿಸಬೇಕು ಎಂಬುದರಲ್ಲಿ ಗುಡ್ಡದ ಮಾತಿಗೇ ಹೆಚ್ಚಿನ ತೂಕ. ಉದ್ಯೋಗ ತರುವ ಹೊಸ ವಿಷಯಗಳು ಬೇಕು, ಸಂಶಯವಿಲ್ಲ. ತಂದೆತಾಯಿಗಳು ಕೇಳುವುದೂ ಅವನ್ನೇ. ಕನ್ನಡ ಐಚ್ಛಿಕಕ್ಕೆ ಏಳು ಮಂದಿ, ಗಣಕ ವಿಷಯಕ್ಕೆ ಎಪ್ಪತ್ತು ಮಂದಿ ಸಾಲಾಗಿ ನಿಂತರೆ ಲೆಕ್ಕ ಬರೆಯುವವನ ಲೇಖನಿ ಯಾವ ಕಡೆ ವಾಲುವುದೆಂದು ಹೇಳಲು ಪ್ರವಾದಿಯೇ ಬೇಕಾಗಿಲ್ಲ. ಆ ಏಳು ಮಂದಿಯ ತರಗತಿಯನ್ನು ನಷ್ಟವಾದರೂ ನಡೆಸುವ ಧೈರ್ಯವನ್ನು ನಾವು ಹೊಸ ವಿಶ್ವವಿದ್ಯಾನಿಲಯದಿಂದ ನಿರೀಕ್ಷಿಸುತ್ತೇವೆ. ಮುಳಿಯರ ತರಗತಿಯಲ್ಲಿಯೂ ನೂಕುನುಗ್ಗಲು ಇದ್ದಿರಲಾರದು.

ನಿರೀಕ್ಷೆ ಸಂಸ್ಥೆಯಿಂದ ಮಾತ್ರ ಸಲ್ಲದು ಎಂಬುದನ್ನೂ ಒಪ್ಪಿಕೊಳ್ಳೋಣ. ಕೊಂಕಣಿ ಉಳಿಯಬೇಕೆಂದು ವೇದಿಕೆಯಲ್ಲಿ ಮಾತನಾಡಿ, ಮಕ್ಕಳೊಡನೆ ಮನೆಯಲ್ಲಿ ಇಂಗ್ಲಿಷ್ ಮಾತನಾಡುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಗೇಟಿನ ಬಳಿ ಭಾಷೆ ಬದಲಾಗುವುದು ಅಲ್ಲಿಂದಲೇ ಕಲಿತ ಪಾಠ.

ಕಳೆದ ವಾರ ಆ ಮೂರು ಪದವಿ ಪತ್ರಗಳ ಮನೆಗೆ ಹೋಗಿದ್ದೆವು. ಹುಡುಗಿ ಮೇಜಿನ ಮೇಲೆ ಪ್ರವೇಶದ ಅರ್ಜಿ ಹರಡಿಕೊಂಡು ಕುಳಿತಿದ್ದಳು. ಹೆಸರು, ವಿಳಾಸ, ಮುಖ್ಯ ವಿಷಯಗಳೆಲ್ಲ ತುಂಬಿದ್ದವು. ಭಾಷೆ ಎಂಬ ಅಂಕಣದ ಮುಂದೆ ಮಾತ್ರ ಏನೂ ಬರೆದಿರಲಿಲ್ಲ. ಕನ್ನಡ ಬರೆಯೆಂದು ತಾಯಿ, ಅಂಕ ಬರುವುದನ್ನು ಬರೆಯೆಂದು ತಂದೆ. ಮಾತು ಬೆಳೆಯುತ್ತಿರುವಾಗಲೇ ಚಹಾ ಬಂತು. ನಾವು ಎದ್ದು ಬರುವ ಹೊತ್ತಿಗೂ ಆ ಅಂಕಣ ಖಾಲಿಯಾಗಿಯೇ ಇತ್ತು.