ಕೋಡ್‌ಗೂ ಇದೆ ಗಣಿಗಾರಿಕೆ! ಸಾಫ್ಟ್‌ವೇರ್‌ನ ಹಳೇ ದಾಖಲೆ ಅಗೆಯುವ ಸಮ್ಮೇಳನದ ಬಗ್ಗೆ ಗೊತ್ತಾ?

ಗಣಿಗಾರಿಕೆ ಅಂದ್ರೆ ಕರ್ನಾಟಕದವರಿಗೆ ಸಂಡೂರಿನ ಕೆಂಪು ಮಣ್ಣು, ಅದಿರು ಲಾರಿ, ಕೋಲಾರದ ಚಿನ್ನ ನೆನಪಾಗುತ್ತೆ. ಆದರೆ ಸಾಫ್ಟ್‌ವೇರ್ ಎಂಜಿನಿಯರ್‌ಗಳು ಬಿಟ್ಟುಹೋದ ಹಳೇ ದಾಖಲೆಗಳನ್ನು ಅಗೆದು ನೋಡುವ ಸಂಶೋಧಕರೂ ಇದ್ದಾರೆ. ಅವರು ವರ್ಷಕ್ಕೊಮ್ಮೆ ಸೇರುವ ಸಮ್ಮೇಳನವೇ ‘ಮೈನಿಂಗ್ ಸಾಫ್ಟ್‌ವೇರ್ ರೆಪಾಸಿಟರೀಸ್’, ಚಿಕ್ಕದಾಗಿ ಎಂಎಸ್‌ಆರ್. 2004ರಲ್ಲಿ ಸ್ಕಾಟ್ಲೆಂಡ್‌ನ ಎಡಿನ್‌ಬರೋದಲ್ಲಿ ಕಾರ್ಯಾಗಾರವಾಗಿ ಶುರುವಾದ ಇದು 2014ರಲ್ಲಿ ಪಕ್ಕದ ಹೈದರಾಬಾದ್‌ನಲ್ಲೂ ನಡೆದಿತ್ತು.

ಅಗೆಯೋದು ಏನನ್ನು?

ಜಮೀನಿಗೆ ಮ್ಯುಟೇಷನ್ ದಾಖಲೆ ಇದ್ದ ಹಾಗೆ ಸಾಫ್ಟ್‌ವೇರ್‌ಗೆ ರೆಪಾಸಿಟರಿ. ಯಾರು, ಯಾವ ದಿನ, ಎಷ್ಟು ಗಂಟೆಗೆ ಯಾವ ಸಾಲು ಬದಲಿಸಿದರು ಅನ್ನೋದೆಲ್ಲ ಅದರಲ್ಲಿ ದಾಖಲಾಗುತ್ತೆ. ಇಂಥ ಒಂದೊಂದು ಬದಲಾವಣೆಗೆ ‘ಕಮಿಟ್’ ಅಂತಾರೆ. ಸಾಫ್ಟ್‌ವೇರ್ ಕೈಕೊಟ್ಟಾಗ ಬರುವ ದೂರುಗಳ ಪಟ್ಟಿ ಬೇರೆಯೇ ಇರುತ್ತೆ.

ಈ ಎರಡನ್ನೂ ತಾಳೆ ಹಾಕೋದೇ ಸಂಶೋಧಕರ ಕೆಲಸ. ದೂರು ಸರಿಪಡಿಸುವಾಗ ಯಾವ ಸಾಲು ತಿದ್ದಿದರು, ಅದಕ್ಕೂ ಮೊದಲು ಆ ಸಾಲನ್ನು ಕೊನೆಯದಾಗಿ ಮುಟ್ಟಿದ್ದು ಯಾವ ಕಮಿಟ್ ಅಂತ ಹಿಂದೆ ಹಿಂದೆ ಹೋದರೆ ತಪ್ಪು ಹುಟ್ಟಿದ ಜಾಗ ಸಿಗುತ್ತೆ. 2005ರಲ್ಲಿ ಜರ್ಮನಿಯ ಮೂವರು ಸಂಶೋಧಕರು ಮೊಜಿಲ್ಲಾ ಮತ್ತು ಎಕ್ಲಿಪ್ಸ್ ದಾಖಲೆಗಳನ್ನು ಹೀಗೆ ಜಾಲಾಡಿದರು. ಬದಲಾವಣೆಯ ಗಾತ್ರಕ್ಕೂ, ವಾರದ ದಿನಕ್ಕೂ ತಪ್ಪಿನ ಜೊತೆ ನಂಟು ಕಂಡಿತು. ಶುಕ್ರವಾರದ ಕೋಡ್ ಮೇಲೆ ಗುಮಾನಿ ಬಿದ್ದದ್ದು ಆಗಲೇ.

2011ರಲ್ಲಿ ಲಿನಕ್ಸ್ ಮತ್ತು ಪೋಸ್ಟ್‌ಗ್ರೆಸ್ ಮೇಲೆ ನಡೆದ ಅಧ್ಯಯನದಲ್ಲಿ ಮಧ್ಯರಾತ್ರಿಯಿಂದ ಬೆಳಗಿನ ಜಾವ 4ರವರೆಗಿನ ಕಮಿಟ್‌ಗಳಲ್ಲಿ ತಪ್ಪು ಹೆಚ್ಚು, ಬೆಳಿಗ್ಗೆ 7ರಿಂದ ಮಧ್ಯಾಹ್ನ 12ರೊಳಗಿನವುಗಳಲ್ಲಿ ಕಡಿಮೆ ಅನ್ನೋದು ಗೊತ್ತಾಯ್ತು. ಆದರೆ ವಾರದ ದಿನದ ಲೆಕ್ಕ ಒಂದೊಂದು ಸಾಫ್ಟ್‌ವೇರ್‌ನಲ್ಲಿ ಒಂದೊಂದು ಥರ ಬಂತು. ಹಾಗಾಗಿ ಶುಕ್ರವಾರವನ್ನೇ ದೂರೋ ಹಾಗಿಲ್ಲ.

ದಾಖಲೆಯೂ ದಾರಿ ತಪ್ಪಿಸುತ್ತೆ

ಹೈದರಾಬಾದ್ ಸಮ್ಮೇಳನದಲ್ಲಿ ಮಂಡನೆಯಾದ ಒಂದು ಪ್ರಬಂಧ ಸಂಶೋಧಕರಿಗೇ ಎಚ್ಚರಿಕೆ ಕೊಟ್ಟಿತು. ಗಿಟ್‌ಹಬ್‌ನಲ್ಲಿರುವ ಹೆಚ್ಚಿನ ಪ್ರಾಜೆಕ್ಟ್‌ಗಳು ಸ್ವಂತಕ್ಕೆ ಮಾಡಿಕೊಂಡವು, ಆಮೇಲೆ ಯಾರೂ ಮುಟ್ಟದೆ ಬಿಟ್ಟವು. ಕೆಲವರು ಅದನ್ನು ಫೈಲ್ ಇಡುವ ಉಚಿತ ಗೋದಾಮಿನಂತೆ ಬಳಸುತ್ತಾರೆ. ಇನ್ನೂ ಮುಖ್ಯವಾದದ್ದು, ‘ನನ್ನ ಬದಲಾವಣೆ ಸೇರಿಸಿಕೊಳ್ಳಿ’ ಅಂತ ಕಳಿಸುವ ಪುಲ್ ರಿಕ್ವೆಸ್ಟ್‌ಗಳ ಸಂಗತಿ. ಅವುಗಳಲ್ಲಿ ಸುಮಾರು 40% ನಿಜಕ್ಕೂ ಸೇರ್ಪಡೆಯಾಗಿದ್ದರೂ ದಾಖಲೆಯಲ್ಲಿ ಹಾಗೆ ಕಾಣಿಸುತ್ತಿರಲಿಲ್ಲ. ಗಿಟ್‌ಹಬ್‌ನ ಬಟನ್ ಒತ್ತದೆ ಬೇರೆ ದಾರಿಯಲ್ಲಿ ಸೇರಿಸಿದರೆ ಹೀಗಾಗುತ್ತೆ.

ಇದು ಬರೀ ಪಂಡಿತರ ಚರ್ಚೆಯಲ್ಲ. ಈಗ ಕೆಲಸ ಹುಡುಕುವ ಎಂಜಿನಿಯರಿಂಗ್ ಹುಡುಗ-ಹುಡುಗಿಯರು ರೆಸ್ಯೂಮೆಯಲ್ಲಿ ಗಿಟ್‌ಹಬ್ ಲಿಂಕ್ ಹಾಕುತ್ತಾರೆ. ಕಮಿಟ್ ಎಣಿಸಿ ಒಬ್ಬರ ಯೋಗ್ಯತೆ ಅಳೆಯಲು ಹೊರಟರೆ ಸಂಶೋಧಕರು ಎಡವಿದ ಜಾಗದಲ್ಲೇ ಎಡವಿದಂತೆ. ನಾಲ್ಕು ದಿನ ತಲೆಕೆಡಿಸಿಕೊಂಡು ತಿದ್ದಿದ ಒಂದೇ ಸಾಲೂ ಅಲ್ಲಿ ಒಂದು ಕಮಿಟ್, ಸುಮ್ಮನೆ ಒಂದು ಅಲ್ಪವಿರಾಮ ಸೇರಿಸಿದ್ದೂ ಒಂದು ಕಮಿಟ್.

ವಿದ್ಯಾರ್ಥಿಗಳು ಏನು ಮಾಡಬಹುದು?

ಎಂಎಸ್‌ಆರ್‌ನಲ್ಲಿ ‘ಮೈನಿಂಗ್ ಚಾಲೆಂಜ್’ ಎಂಬ ಸ್ಪರ್ಧೆಯೂ ಇದೆ. ಎಲ್ಲರಿಗೂ ಒಂದೇ ದತ್ತಾಂಶ ಕೊಡ್ತಾರೆ, ಅದರಿಂದ ಏನು ಹೊರತೆಗೆಯುತ್ತೀರಿ ಅನ್ನೋದು ನಿಮಗೆ ಬಿಟ್ಟದ್ದು. ಅಷ್ಟು ದೂರ ಹೋಗೋದು ಈಗಲೇ ಬೇಡ ಅನ್ನೋರು ಲಿನಕ್ಸ್‌ನಂಥ ಮುಕ್ತ ಸಾಫ್ಟ್‌ವೇರ್‌ನ ಇತಿಹಾಸವನ್ನು ಉಚಿತವಾಗಿ ಇಳಿಸಿಕೊಂಡು ಕಾಲೇಜ್ ಪ್ರಾಜೆಕ್ಟ್‌ಗೆ ಬಳಸಬಹುದು. ಇದಕ್ಕೆ ಬೇಕಿರೋದು ಒಂದು ಲ್ಯಾಪ್‌ಟಾಪ್, ಇಂಟರ್‌ನೆಟ್, ಜೊತೆಗೆ ಕಂಡ ಲೆಕ್ಕವನ್ನು ತಕ್ಷಣ ನಂಬದ ಬುದ್ಧಿ.