ಕೃಷಿಭೂಮಿಯ ಕ್ರಯದ ಅಂಕಿಗಳು: ವಿಜಯನಗರ ಜಿಲ್ಲೆಯ ಐದು ತಾಲ್ಲೂಕುಗಳನ್ನು ಕುರಿತು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳಲ್ಲಿ ಒಂದು ಎಕರೆ ಖುಷ್ಕಿ ಜಮೀನಿನ ಬೆಲೆಯೆಷ್ಟೆಂದು ಕೇಳಿದರೆ ಸರ್ಕಾರದ ಕಡತದಿಂದ ಬರುವ ಉತ್ತರ ಒಂದು, ಊರ ಕಟ್ಟೆಯ ಮೇಲೆ ಬರುವ ಉತ್ತರ ಇನ್ನೊಂದು. ಈ ಅಂತರವನ್ನು ಕಂಡು ಜನರು ನಕ್ಕು ಸುಮ್ಮನಾಗುವುದುಂಟು. ಆದರೆ ಜಮೀನು ಕಾಲುವೆಗೋ ರಸ್ತೆಗೋ ಸ್ವಾಧೀನವಾಗುವ ದಿನ ಕಡತದ ಉತ್ತರಕ್ಕೇ ಬೆಲೆ ಬರುವುದರಿಂದ, ಆ ಅಂಕಿಯು ಹುಟ್ಟುವ ಬಗೆಯನ್ನು ಇಲ್ಲಿ ವಿವರಿಸಲು ಉದ್ದೇಶಿಸಿದ್ದೇವೆ.

ಮೂಲ ಆಕರವು ಕ್ರಯಪತ್ರ. 1908ರ ನೋಂದಣಿ ಕಾಯಿದೆಯ ಮೇರೆಗೆ ಅದು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ದಾಖಲಾಗುತ್ತದೆ. ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ, ಕ್ರಯದ ಮೊಬಲಗು ಇವೆಲ್ಲವೂ ಅದರಲ್ಲಿರುತ್ತವೆ. ಮೊಬಲಗು ಮಾತ್ರ ಕೊಟ್ಟವರೂ ಕೊಂಡವರೂ ಹೇಳಿ ಬರೆಯಿಸಿದ್ದು; ನಗದಾಗಿ ಕೈ ಬದಲಾದ ಹಣ ಅದರಲ್ಲಿ ಕಾಣಬೇಕೆಂದೇನೂ ಇಲ್ಲ. ಮುದ್ರಾಂಕ ಶುಲ್ಕವು ನೂರಕ್ಕೆ 5ರಂತೆ, ಅದರ ಮೇಲೆ ಉಪಕರಗಳು, 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ನೂರಕ್ಕೆ 2ರಂತೆ ಇರುವಾಗ ಮೊಬಲಗನ್ನು ಕಡಿಮೆ ಬರೆಯಿಸುವ ಆಸೆ ಸಹಜವಾದುದೇ.

ಈ ಆಸೆಗೆ ತಡೆಯಾಗಿ ಬಂದುದು ಮಾರ್ಗಸೂಚಿ ಬೆಲೆ. ಕರ್ನಾಟಕ ಮುದ್ರಾಂಕ ಕಾಯಿದೆ, 1957ರ 45-ಬಿ ಪ್ರಕರಣದನ್ವಯ ನೋಂದಣಿ ಮಹಾಪರಿವೀಕ್ಷಕರು ಹಾಗೂ ಮುದ್ರಾಂಕಗಳ ಆಯುಕ್ತರ ಅಧ್ಯಕ್ಷತೆಯಲ್ಲಿ ಕೇಂದ್ರ ಮೌಲ್ಯಮಾಪನ ಸಮಿತಿಯೂ, ಅದರ ಕೆಳಗೆ ಸ್ಥಳೀಯ ಉಪಸಮಿತಿಗಳೂ ಇರುತ್ತವೆ. ಉಪಸಮಿತಿಯು ಗ್ರಾಮವಾರಾಗಿ ಖುಷ್ಕಿ, ತರಿ, ಬಾಗಾಯ್ತು ಎಂದು ವಿಂಗಡಿಸಿ ಎಕರೆಗೆ ಇಂತಿಷ್ಟೆಂದು ಕರಡು ಸಿದ್ಧಪಡಿಸುತ್ತದೆ. ಆಕ್ಷೇಪಣೆಗಳನ್ನು ಕರೆದ ತರುವಾಯ ದರಪಟ್ಟಿ ಪ್ರಕಟವಾಗುತ್ತದೆ. ರಾಜ್ಯಾದ್ಯಂತ ಪರಿಷ್ಕೃತ ದರಗಳು 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದವು. ಪತ್ರದ ಮೊಬಲಗು ವಾಸ್ತವ ಬೆಲೆಗಿಂತ ಕಡಿಮೆಯೆಂದು ತೋರಿದರೆ 45-ಎ ಪ್ರಕರಣದಂತೆ ಬೆಲೆ ನಿರ್ಣಯಕ್ಕೆ ಮೇಲಿನ ಅಧಿಕಾರಿಗೆ ಕಳುಹಿಸಬಹುದು.

ತೊಡಕು ಹುಟ್ಟುವುದು ಇಲ್ಲಿಯೇ. ದರಪಟ್ಟಿಯ ಬೆಲೆಗಿಂತ ಕೆಳಗೆ ಬರೆಯಿಸಿದರೆ ತಕರಾರು, ಮೇಲೆ ಬರೆಯಿಸಿದರೆ ಹೆಚ್ಚಿನ ಶುಲ್ಕ. ಆದುದರಿಂದ ಬಹುಮಂದಿ ಸರಿಯಾಗಿ ದರಪಟ್ಟಿಯ ಬೆಲೆಗೇ ಬರೆಯಿಸುತ್ತಾರೆ. ಮುಂದಿನ ಪರಿಷ್ಕರಣೆಗೆ ಕುಳಿತ ಸಮಿತಿಯು ನೋಂದಣಿಯಾದ ಪತ್ರಗಳನ್ನು ತೆರೆದರೆ ಅದಕ್ಕೆ ಎದುರಾಗುವುದು ತನ್ನದೇ ಹಿಂದಿನ ಅಂಕಿ. ಪೇಟೆಯನ್ನು ಅಳೆಯಬೇಕಾದ ಕೋಲು ತನ್ನನ್ನೇ ಅಳೆದುಕೊಂಡಂತಾಗುತ್ತದೆ.

ಈ ದರಪಟ್ಟಿಯು ಶುಲ್ಕ ವಸೂಲಿಗಾಗಿ ಹುಟ್ಟಿದ್ದೇ ಹೊರತು ಪರಿಹಾರಕ್ಕಾಗಿ ಅಲ್ಲ. ಇಂತಹ ಮೌಲ್ಯದ ವಹಿಯು ಸ್ವಾಧೀನದ ಬೆಲೆಗೆ ಆಧಾರವಾಗಲಾರದೆಂದು ಸರ್ವೋಚ್ಚ ನ್ಯಾಯಾಲಯವು ಜವಾಜಿ ನಾಗನಾಥಂ ಮೊಕದ್ದಮೆಯಲ್ಲಿ ಹೇಳಿದ್ದುಂಟು. 2013ರ ಭೂಸ್ವಾಧೀನ ಕಾಯಿದೆಯು ಪರಿಸ್ಥಿತಿಯನ್ನು ಮಾರ್ಪಡಿಸಿತು. ಅದರ 26ನೆಯ ಪ್ರಕರಣದಂತೆ ಮುದ್ರಾಂಕದ ಉದ್ದೇಶಕ್ಕೆ ಗೊತ್ತುಪಡಿಸಿದ ಬೆಲೆ, ನೆರೆಯ ಇಂಥದೇ ಜಮೀನುಗಳ ಸರಾಸರಿ ಕ್ರಯ, ಕೆಲವು ಯೋಜನೆಗಳಲ್ಲಿ ಒಪ್ಪಂದದ ಮೊಬಲಗು, ಇವುಗಳಲ್ಲಿ ಯಾವುದು ಹೆಚ್ಚೋ ಅದೇ ಮಾರುಕಟ್ಟೆ ಬೆಲೆ. ಸರಾಸರಿಯನ್ನು ತೆಗೆಯುವ ಕ್ರಮವೂ ಗಮನಾರ್ಹ: ಹಿಂದಿನ ಮೂರು ವರ್ಷಗಳ ಕ್ರಯಪತ್ರಗಳಲ್ಲಿ ಹೆಚ್ಚಿನ ಬೆಲೆಯ ಅರ್ಧದಷ್ಟನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು.

ಒಂದು ಊಹೆಯ ಉದಾಹರಣೆ. ಒಂದು ಗ್ರಾಮದಲ್ಲಿ ಎಂಟು ಪತ್ರಗಳಾಗಿವೆ. ಎಕರೆಗೆ ಕ್ರಮವಾಗಿ 3, 3, 3, 3, 4, 5, 6, 9 ಲಕ್ಷ ರೂಪಾಯಿ. ಎಲ್ಲವನ್ನೂ ಸೇರಿಸಿದರೆ ಸರಾಸರಿ 4.5 ಲಕ್ಷ, ಮೇಲಿನ ನಾಲ್ಕನ್ನು ಮಾತ್ರ ಹಿಡಿದರೆ 6 ಲಕ್ಷ. ಕಡಿಮೆ ಬರೆಯಿಸುವ ರೂಢಿಯನ್ನು ಕಾಯಿದೆ ಈ ರೀತಿ ತಕ್ಕಮಟ್ಟಿಗೆ ಸರಿದೂಗಿಸಲು ಯತ್ನಿಸಿದೆ. ಆದರೆ ಎಂಟೂ ಪತ್ರಗಳು ದರಪಟ್ಟಿಯ 3 ಲಕ್ಷಕ್ಕೇ ಆಗಿದ್ದರೆ ಯಾವ ಅರ್ಧವನ್ನು ಹಿಡಿದರೂ 3 ಲಕ್ಷವೇ. ಗ್ರಾಮಾಂತರದಲ್ಲಿ ಈ ಬೆಲೆಯನ್ನು 1ರಿಂದ 2ರವರೆಗಿನ ಅಂಶದಿಂದ ಗುಣಿಸಿ, ಅಷ್ಟೇ ಮೊತ್ತವನ್ನು ಸಾಂತ್ವನ ಧನವಾಗಿ ಕೂಡಿಸುವುದರಿಂದ, ದಾಖಲೆಯಲ್ಲಿ 1 ಲಕ್ಷ ಕಡಿಮೆಯಾದರೆ ಪರಿಹಾರದಲ್ಲಿ 2ರಿಂದ 4 ಲಕ್ಷ ಕಡಿಮೆಯಾಗುತ್ತದೆ. ಶುಲ್ಕ ಉಳಿಸಿದವನೇ ಈ ನಷ್ಟ ಹೊರುವನೆಂದು ತಿಳಿಯಬಾರದು. ಎಂದೂ ಜಮೀನು ಮಾರದ ನೆರೆಯವನೂ ಅದೇ ಸರಾಸರಿಗೆ ಸಿಲುಕುತ್ತಾನೆ.

ಸಂಶೋಧನೆಗೆ ತೊಡಗುವ ವಿದ್ಯಾರ್ಥಿಗಳು ಇನ್ನು ಕೆಲವು ಸಂಗತಿಗಳನ್ನು ನೋಡಿಕೊಳ್ಳಬೇಕು. ಈ ಸೀಮೆ 1953ರವರೆಗೆ ಮದರಾಸಿನ ಆಡಳಿತದಲ್ಲಿದ್ದುದರಿಂದ ಇಲ್ಲಿಯ ಹಳೆಯ ಅಳತೆ ಎಕರೆ–ಸೆಂಟು. ಹಳೆಯ ಮೈಸೂರಿನದು ಎಕರೆ–ಗುಂಟೆ. 2–20 ಎಂಬುದು ಸೆಂಟಾದರೆ 2.20 ಎಕರೆ, ಗುಂಟೆಯಾದರೆ 2.50 ಎಕರೆ. ಇದನ್ನು ಗಮನಿಸದೆ ತೆಗೆದ ಎಕರೆವಾರು ಬೆಲೆ ವ್ಯರ್ಥ. ಹರಪನಹಳ್ಳಿಯು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಬಂದಿತು. ಕೊಟ್ಟೂರು ಕೂಡ್ಲಿಗಿಯಿಂದ ಬೇರೆಯಾಯಿತು. ಆದುದರಿಂದ ಜಿಲ್ಲಾವಾರು ಸರಣಿಗಿಂತ ಗ್ರಾಮವಾರು ಸರಣಿಯೇ ನಂಬತಕ್ಕದ್ದು. ದಾನಪತ್ರ, ವಿಭಾಗಪತ್ರಗಳನ್ನು ಬೇರ್ಪಡಿಸಬೇಕು. 1978ರ ಕಾಯಿದೆಗೆ ಒಳಪಟ್ಟ, ಪರಿಶಿಷ್ಟರಿಗೆ ಮಂಜೂರಾದ ಜಮೀನುಗಳು ಅನುಮತಿಯಿಲ್ಲದೆ ಪರಭಾರೆಯಾಗಲಾರವು. ಅವು ಪೇಟೆಯ ಹೊರಗೇ ಉಳಿಯುತ್ತವೆ. ಇದಲ್ಲದೆ 2020ರಲ್ಲಿ ಭೂಸುಧಾರಣಾ ಕಾಯಿದೆಯ 79-ಎ, 79-ಬಿ ಪ್ರಕರಣಗಳು ರದ್ದಾಗಿ, ಕೃಷಿಕರಲ್ಲದವರೂ ಕೊಳ್ಳುವಂತಾಯಿತು. 2019ರ ಮತ್ತು 2022ರ ಬೆಲೆಗಳು ಹೀಗೆ ಎರಡು ಬೇರೆ ಪೇಟೆಗಳ ಬೆಲೆಗಳು.

ಅಮೆರಿಕದ ಕೃಷಿ ಇಲಾಖೆಯು ಕ್ರಯಪತ್ರವನ್ನು ಆಶ್ರಯಿಸದೆ, ಪ್ರತಿವರ್ಷ ಜೂನ್ ತಿಂಗಳಲ್ಲಿ ಆಯ್ದ ರೈತರನ್ನೇ ಕಂಡು ಜಮೀನಿನ ಬೆಲೆಯನ್ನು ಕೇಳಿ ಬರೆದುಕೊಳ್ಳುತ್ತದೆ. ಅಭಿಪ್ರಾಯವು ಕ್ರಯವಲ್ಲವೆಂಬ ಆಕ್ಷೇಪಣೆ ಅದಕ್ಕುಂಟು. ಆದರೂ ಹೇಳುವವನಿಗೆ ಶುಲ್ಕದ ಭಯವಿರುವುದಿಲ್ಲ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಹಡಗಲಿಯ ಒಂದು ಮಲ್ಲಿಗೆ ತೋಟದ ಗ್ರಾಮವನ್ನೂ ಕೂಡ್ಲಿಗಿಯ ಒಂದು ಶೇಂಗಾ ಬೆಳೆಯುವ ಗ್ರಾಮವನ್ನೂ ಆರಿಸಿಕೊಂಡು, ಇದೇ ಪ್ರಶ್ನೆಯನ್ನು ಕೇಳಿ, ಉತ್ತರಗಳನ್ನು ಅದೇ ವರ್ಷದ ದರಪಟ್ಟಿಯ ಪಕ್ಕದಲ್ಲಿಟ್ಟರೆ ಅಂತರದ ಮೊದಲ ಅಂದಾಜು ದೊರೆಯುತ್ತದೆ. ಕ್ರಯಪತ್ರಗಳ ದೃಢೀಕೃತ ನಕಲುಗಳನ್ನು ಶುಲ್ಕ ತೆತ್ತು ಪಡೆಯಲು ನೋಂದಣಿ ಕಾಯಿದೆಯ 57ನೆಯ ಪ್ರಕರಣದಲ್ಲಿ ಅವಕಾಶವಿದೆ.